ಮುಯ್ಯಿಯ ಶಾವಿಗೆ, ಓಣಿಯ ರೊಟ್ಟಿ

ಕಲಬುರಗಿಯಿಂದ ಜೇವರ್ಗಿ ಕಡೆ ಹೊರಟವರಿಗೆ ಶಹರ ಎಲ್ಲಿ ಮುಗಿಯಿತು, ಕೋಟನೂರ ಎಲ್ಲಿ ಶುರುವಾಯಿತು ಎಂದು ಈಗ ಗೊತ್ತಾಗುವುದಿಲ್ಲ. ಹೊಲ ಲೇಔಟಾಗಿದೆ, ಲೇಔಟು ಓಣಿಯಾಗಿದೆ. ಅಫಜಲಪುರ, ಆಳಂದ, ಚಿತ್ತಾಪುರದ ಹಳ್ಳಿಗಳಿಂದ ನೌಕರಿಗೆಂದು, ಮಕ್ಕಳ ಸಾಲಿಗೆಂದು ಬಂದವರು ಇಲ್ಲಿ ಸೈಟು ಹಿಡಿದು ಮನೆ ಕಟ್ಟಿದ್ದಾರೆ. ಇಂಥ ಓಣಿಗಳಲ್ಲಿ ಬೆಳಗಿನ ಹೊತ್ತು ಎರಡು ಬಗೆಯ ಮನೆಗಳು ಕಾಣುತ್ತವೆ. ಒಂದು ಬಗೆಯ ಮನೆಯೊಳಗಿಂದ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಇನ್ನೊಂದು ಬಗೆಯ ಮನೆಯಿಂದ ಯಾರಾದರೊಬ್ಬರು ಚೀಲ ಹಿಡಿದು ಸ್ಕೂಟರ್ ಹತ್ತಿ, ರೊಟ್ಟಿ ಮಾರುವ ಮನೆಗೆ ಹೊರಡುತ್ತಾರೆ.

ಎರಡನೇ ಬಗೆಯ ಮನೆಯಲ್ಲಿ ರೊಟ್ಟಿಯ ಮೇಲೆ ಆಸೆ ಕಡಿಮೆಯೇನಿಲ್ಲ. ಅಲ್ಲಿ ಬಡಿಯಲು ಬರುವ ಕೈ ಇಲ್ಲ. ಅದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಬಹಳ ಸಲ ಒಬ್ಬ ತಾಯಿಯ ಮಾತು ಸಿಗುತ್ತದೆ: “ನೀ ಓದವ್ವಾ, ನನ್ನಂಗ ಒಲಿ ಮುಂದ ಕೂಡಬ್ಯಾಡ.” ಹೊಗೆ ಕುಡಿದು, ಹಂಚಿನ ಕಾವಿಗೆ ಮುಖ ಒಡ್ಡಿ ದಿನ ಕಳೆದ ಹೆಣ್ಣುಮಗಳು ಮಗಳಿಗೆ ಹಾಗೆ ಹೇಳಿದ್ದು ಸರಿಯಾಗಿಯೇ ಇತ್ತು. ಮಗಳು ಓದಿದಳು, ನೌಕರಿ ಹಿಡಿದಳು. ಈಗ ಆ ಮಗಳಿಗೇ ಮೂವತ್ತು ದಾಟಿದೆ, ಒಳಗಿನಿಂದ ಒಂದು ಆಸೆ ಎದ್ದಿದೆ: ರೊಟ್ಟಿ ಬಡಿಯಲು ಕಲಿಯಬೇಕು, ಹಿಂಡಿ ಕುಟ್ಟಬೇಕು, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸಂಡಿಗೆ ಇಡಬೇಕು, ಹಳೇ ಸೀರೆಗಳಿಂದ ಒಂದು ಕೌದಿಯನ್ನಾದರೂ ಹೊಲಿಯಬೇಕು. ಅವಳನ್ನು ಯಾರೂ ಒತ್ತಾಯಿಸಿಲ್ಲ. ಒತ್ತಾಯವಿಲ್ಲದೆ ಕಲಿಯಲು ಕೂತವಳಿಗೆ ಈ ಕೆಲಸಗಳು ಅವಳ ತಾಯಿಗೆ ಕಾಣದಿದ್ದ ಸುಖವನ್ನು ತೋರಿಸುತ್ತವೆ.

ರೊಟ್ಟಿಯಿಂದಲೇ ಶುರುಮಾಡಬೇಕು, ಏಕೆಂದರೆ ಕಲಬುರಗಿ ಸೀಮೆಯಲ್ಲಿ ಅಡುಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದೇ ಹಂಚಿನ ಮೇಲೆ.

ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಇರುತ್ತದೆ. ತಣ್ಣೀರು ಹಾಕಿ ನಾದಿದರೂ ಅದು ಎಳೆದಂತೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟುವಷ್ಟರಲ್ಲೇ ಸೀಳಿ ಹೋಗುತ್ತದೆ. ಅದಕ್ಕೇ ಎಸರು. ಪಾತ್ರೆಯಲ್ಲಿ ನೀರು ಕುದಿಯಬೇಕು, ಕುದಿಯುವ ನೀರನ್ನು ಪರಾತದಲ್ಲಿ ಗುಡ್ಡೆ ಮಾಡಿದ ಹಿಟ್ಟಿನ ನಡುವಿನ ತಗ್ಗಿಗೆ ಹಾಕಬೇಕು, ಮೊದಲು ಕೈ ಹಚ್ಚದೆ ಚಮಚದಿಂದ ಕೂಡಿಸಬೇಕು. ಜೋಳದ ಪಿಷ್ಟ ಸುಮಾರು 70 ಡಿಗ್ರಿ ಶಾಖದಲ್ಲಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆ ಅಂಟು ಉಳಿದ ಹಿಟ್ಟನ್ನೆಲ್ಲ ಹಿಡಿದುಕೊಳ್ಳುತ್ತದೆ. ಇದನ್ನೇ ಇಲ್ಲಿಯವರು ಜಿಗಿ ಎನ್ನುತ್ತಾರೆ. ಹೊಸದಾಗಿ ಕಲಿಯುವವರು ಮಾಡುವ ಅವಸರ ಹೆಚ್ಚಾಗಿ ಇಲ್ಲೇ. ನೀರು ಬಿಸಿಯಾದರೆ ಸಾಕು ಎಂದುಕೊಳ್ಳುತ್ತಾರೆ. ಪಕ್ಕದ ಮನೆಯ ಕಾಕು ಬಂದು ಪಾತ್ರೆಯೊಳಗೆ ಇಣುಕಿ ಹೇಳುತ್ತಾಳೆ: “ಕುದಿಬೇಕು ತಂಗಿ, ಬರೇ ಕಾಯ್ದ್ರ ನಡೆಂಗಿಲ್ಲ.”

ಆಮೇಲೆ ನಾದುವುದು. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಬೆರಳಿನಿಂದ ಹಿಂದಕ್ಕೆಳೆದು, ಆಗಾಗ ನೀರು ಚಿಮುಕಿಸಿ, ಹಿಟ್ಟು ಬೆಣ್ಣೆಯಂತಾಗುವವರೆಗೆ. ಒಮ್ಮೆಗೆ ಎಲ್ಲವನ್ನೂ ನಾದುವುದಿಲ್ಲ. ಒಂದೊಂದು ರೊಟ್ಟಿಗೆ ಬೇಕಾದಷ್ಟು ಮುದ್ದೆಯನ್ನು ಆಗಲೇ ತೆಗೆದುಕೊಂಡು ಇನ್ನೊಮ್ಮೆ ತಿಕ್ಕಿ ನಾದುತ್ತಾರೆ. ಕೆಳಗೆ ಒಣಹಿಟ್ಟು ಉದುರಿಸಿ ಎರಡೂ ಕೈಯಿಂದ ಬಡಿಯಲು ತೊಡಗಿದಾಗ ಕಣ್ಣಿಗೆ ಬೀಳುವುದು ಬಡಿತ ಮಾತ್ರ. ನಿಜವಾದ ಗುಟ್ಟು ತಿರುಗಿಸುವುದರಲ್ಲಿದೆ. ಪ್ರತಿ ಪೆಟ್ಟಿಗೂ ರೊಟ್ಟಿ ತುಸು ತಿರುಗಬೇಕು. ಹಾಗೆ ತಿರುಗಬೇಕಾದರೆ ಕೆಳಗೆ ಒಣಹಿಟ್ಟು ಸಾಕಷ್ಟಿರಬೇಕು, ಹೆಚ್ಚೂ ಆಗಬಾರದು. ಅಂಚು ಒಡೆಯಿತೆಂದರೆ ನಾದಿದ್ದು ಸಾಲದು ಎಂದರ್ಥ. ನಡುವೆ ದಪ್ಪ ಉಳಿಯಿತೆಂದರೆ ಕೈ ಹೆದರಿದೆ ಎಂದರ್ಥ.

ಹಂಚಿಗೆ ಹಾಕುವಾಗ ಹಿಟ್ಟು ಹತ್ತಿದ ಬದಿ ಮೇಲೆ ಬರುತ್ತದೆ. ಒದ್ದೆ ಬಟ್ಟೆಯಿಂದಲೋ ಬರಿಗೈಯಿಂದಲೋ ಅದರ ಮೇಲೆ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಮೊದಲೇ ಮಗುಚಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಸೀಳು ಬಿಡುತ್ತದೆ. ಎಲ್ಲ ಸರಿಯಾದರೆ ಉರಿಗೆ ಒಡ್ಡಿದ ರೊಟ್ಟಿ ಎರಡು ಪದರವಾಗಿ ಉಬ್ಬುತ್ತದೆ. ಮೊದಲ ಸಲ ಉಬ್ಬಿದ ರೊಟ್ಟಿಯನ್ನು ಕಂಡ ಕಲಿಯುವವಳ ಮುಖವನ್ನು ನೋಡಬೇಕು. ಪರೀಕ್ಷೆಯ ಫಲಿತಾಂಶ ಬಂದಾಗಲೂ ಆ ಮುಖ ಹಾಗೆ ಅರಳಿರಲಿಕ್ಕಿಲ್ಲ.

ಇಷ್ಟೆಲ್ಲ ಕೈಗೆ ಬಂದ ಮೇಲೆ ಹಿಟ್ಟಿನ ಮೇಲೂ ಕಣ್ಣು ಬೀಳುತ್ತದೆ. ಕಲಬುರಗಿಯ ಎರಿ ಹೊಲಗಳಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಹಿಂಗಾರಿ ಜೋಳ ಬಿತ್ತುತ್ತಾರೆ. ಆಮೇಲೆ ಅದು ಮಣ್ಣಿನಲ್ಲಿ ಉಳಿದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಬೆಳೆಯುತ್ತದೆ. ಇಲ್ಲಿಯವರಿಗೆ ಪ್ರಿಯವಾದ ಮಾಲದಂಡಿ ಜೋಳದ ಎಂ-35-1 ತಳಿಯನ್ನು 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡತಳಿಯಿಂದಲೇ ಆಯ್ದು ತೆಗೆದರು. ಎಷ್ಟೋ ಹೊಸ ತಳಿಗಳು ಬಂದು ಹೋದರೂ ರೊಟ್ಟಿಯ ರುಚಿ, ದನಕ್ಕೆ ಕಣಿಕೆ ಎರಡೂ ಕೊಡುವ ಮಾಲದಂಡಿಯನ್ನು ರೈತ ಬಿಟ್ಟಿಲ್ಲ. ಪ್ಯಾಕೆಟ್ ಹಿಟ್ಟು ತಂದು ಸೋತವರು ಜೋಳ ಕೊಂಡು, ಆರಿಸಿ, ಗಿರಣಿಗೆ ಒಯ್ದು, ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಂಡು ಬಂದ ದಿನ ಜಿಗಿ ತಾನಾಗಿ ಬರುತ್ತದೆ. ಜೋಳದ ಮೊಳಕೆಯ ಭಾಗದಲ್ಲಿ ಕೊಬ್ಬಿನ ಅಂಶವಿದೆ. ಬೀಸಿದ ಮೇಲೆ ಅದು ಬೇಗ ಕೆಡುತ್ತದೆ, ಹಿಟ್ಟು ಹಳತಾದಷ್ಟೂ ಕಹಿಯಾಗುತ್ತದೆ. ಹಳೇ ಹಿಟ್ಟು ರೊಟ್ಟಿಗೆ ಬಾರದು ಎಂದು ಆಯಿಯಂದಿರು ಹೇಳುತ್ತಿದ್ದುದಕ್ಕೆ ಇಷ್ಟು ಸರಳವಾದ ಕಾರಣ ಇತ್ತು.

ಇಲ್ಲಿಗೆ ಬರುವ ಹೊತ್ತಿಗೆ ಕಲಿಯುವವರು ಒಂದು ವಿಷಯವನ್ನು ಗಮನಿಸಿರುತ್ತಾರೆ. ಮೊಬೈಲಿನಲ್ಲಿ ವಿಡಿಯೊ ಹಚ್ಚಿಕೊಂಡು ಒಬ್ಬರೇ ಕಲಿತದ್ದಕ್ಕಿಂತ, ಬಾಜೂಕಿನ ವೈನಿ ಬಂದು ಕೈ ಹಿಡಿದು ತೋರಿಸಿದ ಒಂದು ಬೆಳಗು ಹೆಚ್ಚು ಕೊಟ್ಟಿರುತ್ತದೆ. ಹಿಟ್ಟು ಎಷ್ಟು ಮೆತ್ತಗಿರಬೇಕು ಎಂಬುದನ್ನು ಕಣ್ಣಿನಿಂದ ಕಲಿಯಲಾಗುವುದಿಲ್ಲ, ಬೆರಳಿನಿಂದ ಒತ್ತಿ ನೋಡಬೇಕು. ಸರಳ ಬದುಕು, ಸ್ವಾವಲಂಬನೆ ಎಂದೊಡನೆ ಊರ ಹೊರಗಿನ ತೋಟದ ಮನೆಯಲ್ಲಿ ಒಂದೇ ಕುಟುಂಬ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಚಿತ್ರ ಇತ್ತೀಚೆಗೆ ಬಹಳ ಜನರ ಮನಸ್ಸಿನಲ್ಲಿ ಕೂತಿದೆ. ಕಲಬುರಗಿ ಸೀಮೆಯಲ್ಲಿ ಮನೆಗೆಲಸ ಯಾವತ್ತೂ ಹಾಗೆ ನಡೆದದ್ದಲ್ಲ. ತನ್ನ ಕಾಲ ಮೇಲೆ ನಿಲ್ಲುತ್ತಿದ್ದುದು ಓಣಿ. ಮನೆ ಆ ಓಣಿಯ ಒಂದು ಕೈ ಆಗಿತ್ತು.

ಶಾವಿಗೆಯನ್ನೇ ನೋಡಿ. ಮಷಿನ್ ಬರುವ ಮೊದಲು ಶಾವಿಗೆ ಹೊಸೆಯುವುದು ಒಬ್ಬರಿಂದ ಆಗುವ ಮಾತೇ ಆಗಿರಲಿಲ್ಲ. ಗೋಧಿಯನ್ನು ಒದ್ದೆ ಮಾಡಿ, ಬೀಸಿ, ಜರಡಿ ಹಿಡಿದು, ಸಣ್ಣ ರವೆ–ಹಿಟ್ಟನ್ನು ಬೇರೆ ಮಾಡಿ ಗಟ್ಟಿಯಾಗಿ ನಾದಿ, ಒನಕೆಯಿಂದ ಕುಟ್ಟಿ ಹದ ಮಾಡುತ್ತಿದ್ದರು. ಗೆರೆ ಕೊರೆದ ಉದ್ದನೆ ಮಣೆಯನ್ನು ಎತ್ತರದಲ್ಲಿ ಇಳಿಜಾರಾಗಿ ಇಟ್ಟು, ಒಬ್ಬಳು ಅದರ ಮೇಲೆ ಕೂತು ಹಿಟ್ಟನ್ನು ತಿಕ್ಕಿದರೆ ಗೆರೆಗಳಿಂದ ಎಳೆಗಳು ಕೆಳಗಿಳಿಯುತ್ತವೆ. ಕೆಳಗೆ ಕೂತ ಇನ್ನೊಬ್ಬಳು ಅವು ಕೂಡಿಕೊಳ್ಳದಂತೆ ಕೈಯಲ್ಲಿ ಹಿಡಿದು ಎಳೆಯುತ್ತಾಳೆ. ಮತ್ತೊಬ್ಬಳು ಒಯ್ದು ಕೋಲಿನ ಮೇಲೆ ಬಿಸಿಲಿಗೆ ಹರವುತ್ತಾಳೆ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಕೂಲಿ ಇಲ್ಲ. ಬಂದವರ ಮನೆಗೆ ತಾನೂ ಹೋಗಿ ದುಡಿದು ಮುಯ್ಯಿ ತೀರಿಸಬೇಕು. ಬಿತ್ತನೆ, ಕಳೆ, ರಾಶಿಗೆ ನಡೆಯುತ್ತಿದ್ದ ಮುಯ್ಯಾಳಿನ ಲೆಕ್ಕವೇ ಅಂಗಳಕ್ಕೂ ಬಂದಿತ್ತು.

ಬೇಸಿಗೆ ಇಲ್ಲಿ 40 ಡಿಗ್ರಿ ದಾಟುತ್ತದೆ. ಹೊರಗೆ ಕಾಲಿಡಲಾಗದ ಆ ಬಿಸಿಲನ್ನು ಈ ಸೀಮೆಯ ಹೆಂಗಸರು ದುಡಿಸಿಕೊಂಡಿದ್ದಾರೆ. ಗಾಳಿಯಲ್ಲಿ ಹಸಿಯೇ ಇಲ್ಲದ ಏಪ್ರಿಲ್–ಮೇ ತಿಂಗಳಲ್ಲಿ ಹಪ್ಪಳ, ಸಂಡಿಗೆ ಬೇಗ ಒಣಗುತ್ತವೆ, ಬೂಷ್ಟು ಹಿಡಿಯುವುದಿಲ್ಲ. ಗೋಧಿ ನೆನೆಸಿ ಹಾಲು ತೆಗೆದು ಕುದಿಸಿ ಒತ್ತುವ ಕುರಡಿಗೆಯೂ ಈ ಬಿಸಿಲಿಗೇ. ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿ, ಕಾಯಿಸಿ, ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುವುದು, ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ಗಡಿಗೆಗೆ ತುಂಬುವುದು, ಉಪ್ಪಿನಕಾಯಿ ಹಾಕುವುದು, ಎಲ್ಲ ಮಳೆಗೆ ಮುಂಚೆ ಮುಗಿಯಬೇಕು. ಕೋಟನೂರಿನ ಹೊಸ ಮನೆಗಳ ಮಾಳಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೇಲೆ ಹಾಸಿದ್ದು ಈ ಜಿಲ್ಲೆಯದೇ ಶಹಾಬಾದ್ ಫರಸಿ ಕಲ್ಲಾದರೆ ಇನ್ನೂ ಒಳ್ಳೆಯದು. ಕಾದ ಕಲ್ಲು ಕೆಳಗಿನಿಂದ, ಸೂರ್ಯ ಮೇಲಿನಿಂದ ಒಣಗಿಸುತ್ತವೆ. ಕಾಗೆ ಕಾಯಲು ಮನೆಯ ಸಣ್ಣ ಮಕ್ಕಳನ್ನು ಕೂಡಿಸಿದರೆ ಅವರಿಗೆ ಸಿಗುವ ಕೂಲಿ, ಅರ್ಧ ಒಣಗಿದ ಹಸಿ ಸಂಡಿಗೆ.

ಕೊಡು–ಕೊಳ್ಳುವ ಈ ಲೆಕ್ಕಕ್ಕೆ ಒಂದು ಹಬ್ಬವೇ ಇದೆ. ಶ್ರಾವಣದಲ್ಲಿ ನಾಗರಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ. ಮೊದಲೇ ಬಡಿದಿಟ್ಟ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕಾಳು ಪಲ್ಲೆ, ಎಣ್ಣೆಗಾಯಿ. ಇವನ್ನು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ಮನೆ ಮನೆಗೆ ಕಳಿಸುತ್ತಾರೆ. ಜಾತಿ, ಮತ ನೋಡದೆ ಕಳಿಸುವ ಮನೆಗಳಿವೆ. ಅಲ್ಲಿಂದ ತಟ್ಟೆ ಬರಿದಾಗಿ ವಾಪಸು ಬರುವುದಿಲ್ಲ, ಅವರ ರೊಟ್ಟಿ ಬರುತ್ತದೆ. ಸಂಜೆಗೆ ಪ್ರತಿ ಮನೆಯಲ್ಲೂ ಓಣಿಯ ಎಲ್ಲ ಕೈಗಳ ರೊಟ್ಟಿ ಇರುತ್ತದೆ. ಯಾರ ಕೈ ತೆಳು, ಯಾರ ಹಿಂಡಿಗೆ ಬೆಳ್ಳುಳ್ಳಿ ಹೆಚ್ಚು ಎಂಬುದು ಅಲ್ಲೇ ನಿಕಾಲಿ ಆಗುತ್ತದೆ. ಹೊಸದಾಗಿ ಕಲಿತವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳವರು ಬಡಿದ ರೊಟ್ಟಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ದಾಸೋಹಕ್ಕೆ ತರುವುದೂ ಇದೇ ಕೊಡುಗೆಯ ದೊಡ್ಡ ರೂಪ. ಕಲಬುರಗಿಗೆ ಇದು ಹೊಸದೇನಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಈ ಊರಿಗೆ ಬಂದ ಶರಣಬಸವೇಶ್ವರರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ದಾಸೋಹ, ಮತ್ತು ಹೊಲದ ತೆನೆಯನ್ನು ಹಕ್ಕಿಗಳು ತಿನ್ನಲೆಂದು ಬಿಟ್ಟ ಕಥೆ.

ದುಡಿಮೆಯ ಜೊತೆಗೆ ಹಾಡೂ ಇತ್ತು. ಬೀಸುವ ಕಲ್ಲಿನ ಮುಂದೆ ಇಬ್ಬರು ಎದುರು ಬದುರು ಕೂತು ಒಂದೇ ಗೂಟ ಹಿಡಿದು ತಿರುಗಿಸುತ್ತ ಹಾಡಿದ ತ್ರಿಪದಿಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಊರೂರು ತಿರುಗಿ ಕೂಡಿಹಾಕಿ, 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಕನ್ನಡ ಜನಪದ ಸಾಹಿತ್ಯದ ಆ ಮೊದಲ ದೊಡ್ಡ ಸಂಗ್ರಹದ ಕವಿಗಳೆಲ್ಲ ಜೋಳ ಬೀಸುತ್ತಿದ್ದವರು. ದಖನಿ ಮಾತಾಡುವ ಮನೆಗಳಲ್ಲೂ ಹೀಗೆಯೇ. ವಿಜಯಪುರದ ಸೂಫಿಗಳು ಬೀಸುವವರಿಗಾಗಿ ಚಕ್ಕಿನಾಮಾ, ನೂಲುವವರಿಗಾಗಿ ಚರ್ಖಾನಾಮಾ ಎಂಬ ಹಾಡುಗಳನ್ನು ಕಟ್ಟಿದರೆಂದು ಇತಿಹಾಸಕಾರ ರಿಚರ್ಡ್ ಈಟನ್ ವಿವರವಾಗಿ ಬರೆದಿದ್ದಾರೆ. ಕಲ್ಲು ತಿರುಗುವ ಲಯಕ್ಕೆ ದೇವರ ಹೆಸರು ಕೂಡಿಸಿಕೊಟ್ಟವರು ಅವರು. ಸೂಫಿ ಸಂತ ಬಂದೇನವಾಜರ ದರ್ಗಾ ಇರುವ ಕಲಬುರಗಿಯಲ್ಲಿ ಈ ಮಾತು ನೆನೆಯಲೇಬೇಕು.

ಹಾಗೆಂದು ಬೀಸುವ ಕಲ್ಲನ್ನು ಮತ್ತೆ ಅಡುಗೆಮನೆಗೆ ತರಬೇಕು ಎಂದು ಯಾರೂ ಹೇಳಬಾರದು. ಕೋಳಿ ಕೂಗುವ ಮುಂಚೆ ಎದ್ದು ಬೀಸಿದವರ ರಟ್ಟೆಯ ನೋವು ಆ ಹಾಡುಗಳಲ್ಲೇ ಇದೆ. ಗಿರಣಿ ಬಂದದ್ದು, ಗ್ಯಾಸ್ ಬಂದದ್ದು ಹೆಣ್ಣುಮಕ್ಕಳಿಗೆ ಸಿಕ್ಕ ದೊಡ್ಡ ಬಿಡುಗಡೆ. ಆದರೂ ಭಾರ ಇನ್ನೂ ಒಂದೇ ಹೆಗಲ ಮೇಲಿದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಮಾಡುವ ಗಂಡಸರ ಸಂಖ್ಯೆಯೇ ಕಡಿಮೆ ಎಂಬುದು ಬೇರೆ. ಹೀಗಿರುವಾಗ ಮನೆಯ ಕುಶಲ ಕೆಲಸಗಳನ್ನು ಮತ್ತೆ ಕಲಿಯೋಣ ಎಂಬ ಕರೆ ಹೆಣ್ಣುಮಕ್ಕಳಿಗೆ ಮಾತ್ರ ಹೋದರೆ ಅದು ಅನ್ಯಾಯವೇ. ಖಾನಾವಳಿಗಳಲ್ಲಿ, ಮಠದ ದಾಸೋಹದ ಅಡುಗೆಮನೆಯಲ್ಲಿ ಗಂಡಸರು ನೂರಾರು ಜನಕ್ಕೆ ಸಾರು ಕುದಿಸುತ್ತಾರೆ, ಹುಗ್ಗಿ ಮಾಡುತ್ತಾರೆ. ಮನೆಯಲ್ಲಿ ನಾಲ್ಕು ರೊಟ್ಟಿ ಬಡಿಯಲು ಅವರ ಕೈಗೆ ಏನೂ ಅಡ್ಡಿಯಿಲ್ಲ.

ಜಿಲ್ಲೆಯ ಇನ್ನೊಂದು ಹೆಮ್ಮೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸುಣ್ಣದಂಶ ತುಂಬಿದ ಇಲ್ಲಿಯ ಮಣ್ಣು ಆ ಬೇಳೆಗೆ ತನ್ನದೇ ರುಚಿ ಕೊಡುತ್ತದೆ ಎನ್ನುತ್ತಾರೆ. ಈಗ ಬೇಳೆ ಗಿರಣಿಗಳಲ್ಲೇ ಆಗುತ್ತದೆ, ಆದರೆ ಮನೆಯಲ್ಲಿ ಬೇಳೆ ಮಾಡುವ ಹಳೇ ರೀತಿ ಗೊತ್ತಿದ್ದವರು ಇನ್ನೂ ಇದ್ದಾರೆ. ತೊಗರಿಯನ್ನು ಕೆಲವು ತಾಸು ನೆನೆಸಿ, ನೀರು ಬಸಿದು, ಕೆಮ್ಮಣ್ಣಿನ ರಾಡಿಯನ್ನು ಕಾಳಿಗೆಲ್ಲ ಹತ್ತುವಂತೆ ಕಲಸಿ ರಾತ್ರಿಯಿಡೀ ಗುಡ್ಡೆ ಹಾಕಿ ಇಡುತ್ತಾರೆ. ಬೆಳಿಗ್ಗೆ ಹರವಿ ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ, ಮಣ್ಣು ಜರಡಿ ಹಿಡಿದು ಕಲ್ಲಿನಲ್ಲಿ ಒಡೆಯುತ್ತಾರೆ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಒಂದು ಅಂಟಿನ ಪದರವಿದೆ. ನೆನೆದು ಒಣಗುವಾಗ ಅದು ಸಡಿಲಾಗಿ ಸಿಪ್ಪೆ ಬಿಡುತ್ತದೆ. ಒಡೆದಾಗ ಉಳಿಯುವ ನುಚ್ಚು, ಹೊಟ್ಟು ದನಕ್ಕೆ. ಒಂದೆರಡು ಸೇರು ತೊಗರಿಯನ್ನು ಹೀಗೆ ಕೈಯಾರೆ ಬೇಳೆ ಮಾಡಿ ಹುಳಿಬ್ಯಾಳಿ ಕುದಿಸಿದವರಿಗೆ, ಅಂಗಡಿಯ ಬೇಳೆಯ ಬೆಲೆ ಕೇಳಿ ಗೊಣಗುವ ಮನಸ್ಸು ಅಷ್ಟಾಗಿ ಬರುವುದಿಲ್ಲ.

ಎಷ್ಟು ಬೇಕು ಎಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಕಲ್ಯಾಣ ಕರ್ನಾಟಕದ ನೆಲಕ್ಕೆ ಇದು ಬಹಳ ಹಳೆಯ ಪ್ರಶ್ನೆ. 12ನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದವಳು. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಿರುಗಿ ಅಲ್ಲೇ ಸುರಿದು ಬರಲು ಲಕ್ಕಮ್ಮ ಹೇಳಿದಳು ಎಂಬುದು ಜನ ನೆನಪಿಟ್ಟ ಕಥೆ. ಆಕೆಯ ಕಾಲದವಳೇ ಕೊಟ್ಟಣದ ಸೋಮವ್ವೆ ಧಾನ್ಯ ಕುಟ್ಟುವ ಕಾಯಕ ಮಾಡುತ್ತ ವಚನ ಬರೆದವಳು, ಕದಿರ ರೆಮ್ಮವ್ವೆ ನೂಲುತ್ತ ಬರೆದವಳು. ಕುಟ್ಟುವ, ನೂಲುವ, ಆಯುವ ಕೈಗಳನ್ನು ಅನುಭವ ಮಂಟಪದಲ್ಲಿ ಕೂಡಿಸಿ ಮಾತಾಡಿಸಿದ ನಾಡು ಇದು. ಮನೆಗೆಲಸ ಬುದ್ಧಿಯ ಕೆಲಸವಲ್ಲ ಎಂದು ಇಲ್ಲಿಯವರು ಯಾವ ಬಾಯಿಂದ ಹೇಳಬೇಕು?

ಕೌದಿಯ ಮಾತು ಚಿಕ್ಕದಾಗಿ ಹೇಳಿ ಮುಗಿಸಲಾಗದ್ದು, ಆದರೂ ಬಿಡಲಾಗದು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಕೂಡಿಸಿ, ಗುಬ್ಬಿ ಹೆಜ್ಜೆಯಷ್ಟು ಸಣ್ಣ ಹೊಲಿಗೆಯನ್ನು ಸಾಲುಸಾಲಾಗಿ ಹಾಕುತ್ತ ಹೋಗುವುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎಂದು ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು ಇಡದೆ ಮುಗಿಸುವುದಿಲ್ಲ. ಅವರ ಕವಂದಿಗಳು ಈಗ ವಿದೇಶದ ಪ್ರದರ್ಶನಗಳಲ್ಲಿ ಗೋಡೆಗೇರಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೂ ಸೂಜಿ–ದಾರದ ಕಲೆ ತಾಯಿಯಿಂದ ಬಂದದ್ದು. ಲಂಬಾಣಿ ಕಸೂತಿಯಲ್ಲಿ ಸಂಡೂರಿನದಕ್ಕೆ ಭೌಗೋಳಿಕ ಗುರುತಿದೆ. ಕೋಟನೂರಿನ ಮನೆಯೊಂದರಲ್ಲಿ ಸೊಸೆಯೊಬ್ಬಳು ಮಗನಿಗಾಗಿ ಅತ್ತೆಯ ಜೊತೆ ಕೂತು ಹೊಲಿಯುವ ಕೌದಿ ಯಾವ ಪ್ರದರ್ಶನಕ್ಕೂ ಹೋಗುವುದಿಲ್ಲ. ಆ ಮಗುವಿನ ಮೈಮೇಲೆ ಅಜ್ಜಿಯ ಇಳಕಲ್ ಸೀರೆಯೂ ಅಜ್ಜನ ಧೋತರವೂ ಇರುತ್ತವೆ.

ಓಣಿಯ ಕೈಗಳಿಗೆ ಈಗ ಹೊಸ ಕೂಟವೊಂದು ಸಿಕ್ಕಿದೆ. ರೊಟ್ಟಿ ಬಡಿದು ಮಾರುವ ಹೆಂಗಸರು ಕಲಬುರಗಿಯಲ್ಲಿ ಮೊದಲಿನಿಂದಲೂ ಇದ್ದಾರೆ. ಖಾನಾವಳಿಗಳಿಗೆ, ಹಾಸ್ಟೆಲು–ರೂಮಿನ ಹುಡುಗರಿಗೆ, ಮದುವೆ ಮನೆಗಳಿಗೆ ಅವರದೇ ರೊಟ್ಟಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳದ ಮೇಲೆ ಎಲ್ಲರ ಕಣ್ಣು ಬಿತ್ತು. ಜಿಲ್ಲಾಡಳಿತ ಈ ಹೆಂಗಸರ ಸ್ವಸಹಾಯ ಸಂಘಗಳನ್ನು ಕೂಡಿಸಿ, ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರುವ ವ್ಯವಸ್ಥೆ ಮಾಡಿತು. 2025ರ ಜೂನ್ 29ರಂದು ಪ್ರಸಾರವಾದ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಹೆಂಗಸರ ಸಹಕಾರ ಸಂಘವನ್ನು ಹೆಸರಿಸಿ, ಅಲ್ಲಿ ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಆಗುತ್ತವೆ, ಬೆಂಗಳೂರಿನಲ್ಲೂ ಮಳಿಗೆ ತೆರೆದಿದೆ, ಆನ್‌ಲೈನ್ ಬೇಡಿಕೆಯೂ ಬರುತ್ತಿದೆ ಎಂದರು. ಕಡಕ್ ರೊಟ್ಟಿಯ ಗುಣವೇ ಇದಕ್ಕೆ ಆಧಾರ. ನೀರಿನ ಅಂಶವೆಲ್ಲ ಹೋಗುವ ಹಾಗೆ ಸಣ್ಣ ಉರಿಯಲ್ಲಿ ಒಣಗಿಸಿದ್ದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ದೂರದ ಪ್ರಯಾಣಕ್ಕೆ, ದುಡಿಯಲು ಮುಂಬೈ–ಪುಣೆಗೆ ಹೋಗುವವರ ಗಂಟಿಗೆ ಸೇರುತ್ತಿದ್ದ ರೊಟ್ಟಿ ಈಗ ಕೊರಿಯರ್ ಡಬ್ಬಿಯಲ್ಲಿ ಹೋಗುತ್ತಿದೆ.

ಇದರಲ್ಲಿ ಖುಷಿಪಡುವ ವಿಷಯ ಬ್ರ್ಯಾಂಡ್ ಒಂದೇ ಅಲ್ಲ. “ಇದರಾಗ ಏನದ, ಎಲ್ಲಾರಿಗೂ ಬರ್ತದ” ಎಂದು ಎಂದೂ ಬೆಲೆ ಕಟ್ಟದೆ ಬಿಟ್ಟ ಕೆಲಸಕ್ಕೆ ಬೆಲೆ ಬಂದಿದೆ, ಆ ಬೆಲೆ ಬಡಿದವಳ ಬ್ಯಾಂಕ್ ಖಾತೆಗೆ ಬರುತ್ತಿದೆ. ಎಲ್ಲರಿಗೂ ಬರುವುದಿಲ್ಲ ಎಂಬುದು ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಹಾಗೆ ಕಲಿತವರು ರೊಟ್ಟಿ ಕೊಳ್ಳುವಾಗ ಚೌಕಾಸಿ ಮಾಡುವುದನ್ನು ಬಿಡುತ್ತಾರೆ. ಕಲಿತ ಮೇಲೂ ದಿನಾ ಬಡಿಯಲೇಬೇಕು ಎಂದೇನಿಲ್ಲ. ವಾರದಲ್ಲಿ ಎರಡು ದಿನ ತಾನು ಬಡಿದು, ಉಳಿದ ದಿನ ಸಂಘದ ರೊಟ್ಟಿ ತರುವ ಮನೆ ಸೋತ ಮನೆಯಲ್ಲ.

ಹೊಸದಾಗಿ ಶುರುಮಾಡುವವರಿಗೆ ಈ ಓಣಿಗಳ ಹಿರಿಯರು ಒಂದು ಕ್ರಮ ಹೇಳುತ್ತಾರೆ. ಮೊದಲು ಹಿಂಡಿ: ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಹಾರಿಸಿ, ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಹಾಕಿ ಒರಳಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟುವುದು. ಕೆಡುವ ಭಯವಿಲ್ಲ, ತಪ್ಪಾಗುವುದೂ ಕಷ್ಟ. ಆಮೇಲೆ ಪುಂಡಿ ಪಲ್ಲೆ, ಝುಣಕ. ರೊಟ್ಟಿ ಮೂರನೆಯದು, ಅದೂ ಮೊದಮೊದಲು ಅಂಗೈ ಅಗಲದ್ದು. ಹೊಸ ಜೋಳ ಯುಗಾದಿ ಹೊತ್ತಿಗೆ ಪೇಟೆಗೆ ಬರುತ್ತದೆ, ಬೇಸಿಗೆಯ ಕೆಲಸಗಳೂ ಆಗಲೇ ಶುರು. ಕಲಿಯಲು ಅದೇ ಸರಿಯಾದ ಹೊತ್ತು. ಶ್ರಾವಣದ ರೊಟ್ಟಿ ಹಬ್ಬಕ್ಕೆ ಇನ್ನೂ ನಾಲ್ಕೈದು ತಿಂಗಳು ಕೈಯಲ್ಲಿರುತ್ತದೆ. ಕೋಟನೂರಿನ ಬಾಡಿಗೆ ರೂಮುಗಳಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗರೂ ನಾಲ್ವರು ಕೂಡಿ ಒಂದು ಹಂಚು, ಒಂದು ಪರಾತ, ಐದು ಸೇರು ಮಾಲದಂಡಿ ತಂದರೆ ಸಾಕು. ಎಸರು ಕುದಿಯಿತೋ ಇಲ್ಲವೋ ಎಂದು ನೋಡಿ ಹೇಳಲು ಕೆಳಗಿನ ಮನೆಯ ಕಾಕು ಇದ್ದೇ ಇರುತ್ತಾಳೆ. ಕರೆದರೆ ಸಾಕು, ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬರುತ್ತಾಳೆ, ಬರುವಾಗ ತನ್ನ ಮನೆಯ ಅಗಸಿ ಹಿಂಡಿಯನ್ನೂ ಒಂದು ವಾಟಗದಲ್ಲಿ ತರುತ್ತಾಳೆ.